ಸೊಲ್ಲು ಹಿಡಿಯುವ ಪೆಟ್ಟಿಗೆ

ಅಂಬರೀಶನ ಹೆಸರೆತ್ತಿದರೆ ಹುಲಗಪ್ಪನಿಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಅಂಬರೀಶ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಮಹಡಿಯ ಮೇಲೆ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದ. ಹುಲಗಪ್ಪ ಅಲ್ಲಿ ಮೈಕು, ವೈರು, ಮಿಷನ್ನು ನೋಡಿಕೊಳ್ಳುವ ಆಳು. ದೇವದುರ್ಗ ಕಡೆಯ ಆದೆಮ್ಮ ಎಂಬ ಹೆಣ್ಣುಮಗಳು, ಹತ್ತಿ ಹೊಲದಲ್ಲಿ ಕಸ, ಅಂದರೆ ಕಳೆ, ತೆಗೆಯುವಾಗ ಹಾಡುವ ಪದಗಳನ್ನು ಅಲ್ಲಿಗೆ ಬಂದು ಹಾಡಿದಳು. ತಾಳ ಇಲ್ಲ, ತಂಬೂರಿ ಇಲ್ಲ, ಬರೀ ದನಿ. ಅದನ್ನು ಹಾಗೇ ಕ್ಯಾಸೆಟ್ಟು ಮಾಡಿ ಬಿಟ್ಟಿದ್ದರೆ ಅಂಬರೀಶನ ಗಂಟೇನು ಹೋಗುತ್ತಿತ್ತು? ಹುಲಗಪ್ಪ ಊರಿಗೆ ಹೋಗಿ ಬರುವಷ್ಟರಲ್ಲಿ ಅವನು ಆ ದನಿಯ ಮೇಲೆ ಕೀಬೋರ್ಡು ಸುರಿದು, ಪ್ಯಾಡು ಬಡಿಸಿ, ನಡುನಡುವೆ ಕೊಳಲಿನಂಥದ್ದೇನೋ ಊದಿಸಿ ಇಟ್ಟಿದ್ದ. ಮದುವೆ ಮನೆಯಲ್ಲಿ ಜನ ಹೆಚ್ಚಾದರೆ ಸಾರಿಗೆ ನೀರು ಹೊಯ್ಯುತ್ತಾರಲ್ಲ, ಹಾಗೆ.

ಕೇಳಿದ್ದಕ್ಕೆ, ಜನಕ್ಕೆ ಇದೇ ಬೇಕು ಎಂದನಂತೆ. ಜನ ಕೊಂಡರೂ ಕೊಂಡರು. ಹುಲಗಪ್ಪನಿಗೆ ಹೊಟ್ಟೆ ಉರಿದದ್ದು ಅದಕ್ಕೇ. ಒಂದು ದಿನ ದೇವದುರ್ಗದ ಬಸ್ಸಿನಲ್ಲಿ ಆ ಕ್ಯಾಸೆಟ್ಟು ಹಾಕಿದ್ದರು. ಪಕ್ಕದಲ್ಲಿ ಕೂತವರು ಇದು ನಿನ್ನ ಹಾಡಲ್ಲವೇನವ್ವಾ ಎಂದು ಆದೆಮ್ಮನನ್ನು ಕೇಳಿದರೆ ಅವಳು ಅಲ್ಲ ಎಂದಳು. ನಾಚಿಕೆಗೆ ಹೇಳಿದ್ದಲ್ಲ ಅದು, ಖರೇನೇ ಅವಳಿಗೆ ಗುರುತು ಹತ್ತಲಿಲ್ಲ. ಗುರುತು ಹತ್ತಿದ ಮೇಲೆ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ಮನೆಗೆ ಹೋದಳು. ಅವತ್ತಿನಿಂದ ಮೈಕಿನ ಮುಂದೆ ಕೂರಲಿಲ್ಲ.

ಆ ಸ್ಟುಡಿಯೋದಲ್ಲಿ ಒಂದು ಜಪಾನಿನ ಪೆಟ್ಟಿಗೆ ಇತ್ತು. ಕರೀ ಬಣ್ಣ, ಅಗಲಕ್ಕೆ ಊಟದ ತಾಟಿನಷ್ಟು, ದಪ್ಪಕ್ಕೆ ಮೂರು ಬೆರಳು, ಮುಂದೆ ಒಂದು ಸಾಲು ಗುಂಡಿ, ಹಸಿರು ಅಕ್ಷರ ಮೂಡುವ ಸಣ್ಣ ಕಿಟಕಿ. ಹೈದರಾಬಾದಿನಲ್ಲಿ ಮುಚ್ಚಿಹೋದ ಯಾವುದೋ ದೊಡ್ಡ ಸ್ಟುಡಿಯೋದಿಂದ ಹಳೇ ಮಾಲಾಗಿ ಬಂದದ್ದು. ಮೈಕಿನಲ್ಲಿ ಹಾಡಿದ ದನಿ ಇದರೊಳಗೆ ಹೊಕ್ಕು ಹೊರಗೆ ಬಂದರೆ, ಗುಡಿಯೊಳಗೆ ಹಾಡಿದಂತೆ, ಗುಮ್ಮಟದ ಕೆಳಗೆ ಹಾಡಿದಂತೆ, ಗುಡ್ಡದ ಎದುರು ಒದರಿದಂತೆ, ಹೇಗೆ ಬೇಕೋ ಹಾಗೆ ಕೇಳುತ್ತದೆ. ಓದಿದವರು ಇದಕ್ಕೆ ಡಿಜಿಟಲ್ ರಿವರ್ಬ್ ಎನ್ನುತ್ತಾರೆ. ಹುಲಗಪ್ಪ ಗೂಂಜ್ ಪೆಟ್ಟಿಗೆ, ಅಂದರೆ ಮಾರ್ದನಿಯ ಪೆಟ್ಟಿಗೆ, ಎನ್ನುತ್ತಾನೆ. ಅದರ ಮೊದಲ ಮೂವತ್ತು ನಂಬರುಗಳಲ್ಲಿ ಕಂಪನಿಯವರೇ ಕೂಡಿಸಿಟ್ಟ ಗೂಂಜುಗಳಿವೆ, ಅವನ್ನು ಅಳಿಸಲು ಬರುವುದಿಲ್ಲ. ಮುಂದಿನವು ಖಾಲಿ ಮನೆಗಳಿದ್ದಂತೆ. ನಾವು ಗುಂಡಿ ಒತ್ತಿ ಒತ್ತಿ ಹೊಂದಿಸಿದ್ದನ್ನು ಅಲ್ಲಿ ಇಡಬಹುದು, ಕರೆದಾಗ ಬರುತ್ತದೆ.

ಮೂವತ್ತಾರನೇ ಮನೆಯಲ್ಲಿ ಹುಲಗಪ್ಪ ಇಟ್ಟದ್ದು ಆದೆಮ್ಮನ ಗೂಂಜನ್ನು. ಅದು ಹುಟ್ಟಿದ್ದು ಹೀಗೆ.

ಕಸ ತೆಗೆಯುವ ಪದ ಒಬ್ಬರೇ ಹಾಡುವಂಥದ್ದಲ್ಲ. ಒಬ್ಬಾಕೆ ಸಾಲು ಎತ್ತುತ್ತಾಳೆ. ಇನ್ನೊಬ್ಬಾಕೆ ಆ ಸಾಲಿನ ಕೊನೆಯ ಮಾತನ್ನು ಹಿಡಿದು ಹಾಡುತ್ತಾಳೆ. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ಆಕೆ ಹಿಡಿದಾಗ ಈಕೆ ಉಸಿರು ತಗೊಳ್ಳುತ್ತಾಳೆ, ಮುಂದಿನ ಸಾಲು ನೆನೆಸಿಕೊಳ್ಳುತ್ತಾಳೆ. ಆದೆಮ್ಮನ ಸೊಲ್ಲು ಹಿಡಿಯುತ್ತಿದ್ದವಳು ಗೋಪಮ್ಮ. ಇಬ್ಬರೂ ಒಂದೇ ಓಣಿಯವರು, ಒಂದೇ ಗುಂಪಿನಲ್ಲಿ ಕೂಲಿಗೆ ಹೋಗುವವರು. ರೆಕಾರ್ಡಿಂಗಿಗೆ ಬರುವ ಹಿಂದಿನ ವರ್ಷ ಗೋಪಮ್ಮ ಜ್ವರ ಬಂದು ತೀರಿಕೊಂಡಿದ್ದಳು. ಆದೆಮ್ಮ ಸ್ಟುಡಿಯೋದಲ್ಲಿ ಕೂತು ಒಂದು ಸಾಲು ಹಾಡಿ ನಿಲ್ಲಿಸಿಬಿಡುತ್ತಿದ್ದಳು. ಮರೆತಿದ್ದಕ್ಕಲ್ಲ. ಯಾರಾದರೂ ಹಿಡಿಯಲಿ ಅಂತ ಕಾಯುತ್ತಿದ್ದಳು. ಅಂಬರೀಶ ಬೇಸತ್ತು ಚಹಾ ಕುಡಿಯಲು ಇಳಿದು ಹೋದ. ಹುಲಗಪ್ಪ ಅವಳ ತಲೆಗೆ ಹೆಡ್‌ಫೋನು ಹಾಕಿ, ಗೂಂಜ್ ಪೆಟ್ಟಿಗೆಯ ಗುಂಡಿ ಒತ್ತುತ್ತಾ ಕೂತ. ಸಾಲು ಮುಗಿದ ಮೇಲೆ ಅವಳದೇ ಕೊನೆಯ ಮಾತು ಒಂದು ಗಳಿಗೆ ತಡೆದು, ಸ್ವಲ್ಪ ಮಬ್ಬಾಗಿ, ಹಿಂದಿನಿಂದ ಯಾರೋ ಹಿಡಿದಂತೆ ವಾಪಸು ಬರಬೇಕು. ಮಧ್ಯಾಹ್ನವೆಲ್ಲ ಹೋಯಿತು. ಕೊನೆಗೆ ಎಲ್ಲಿಗೋ ಬಂದು ಕೂತಿತು. ಆದೆಮ್ಮ ತಲೆ ಎತ್ತಿ ನೋಡಿದಳು, ಮುಂದಿನ ಸಾಲು ಎತ್ತಿದಳು. ಎತ್ತಿದವಳು ನಿಲ್ಲಲಿಲ್ಲ.

ಆ ಗೂಂಜು ಹೋದದ್ದು ಅವಳ ಕಿವಿಗೆ ಮಾತ್ರ. ಟೇಪಿನಲ್ಲಿ ಅದಿಲ್ಲ. ಹಾಗಾಗಿ ಜಗತ್ತಿನಲ್ಲಿ ಅದನ್ನು ಕೇಳಿದವರು ಇಬ್ಬರೇ. ಒಬ್ಬಳು ಹಾಡಿದವಳು, ಇನ್ನೊಬ್ಬ ಇನ್ನೊಂದು ಹೆಡ್‌ಫೋನು ಹಾಕಿಕೊಂಡಿದ್ದವ.

ಮುಂದೆ ಕ್ಯಾಸೆಟ್ಟಿನ ಕಾಲ ಮುಗಿದು ಸ್ಟುಡಿಯೋ ಮುಚ್ಚಿತು. ಸ್ಪೀಕರು, ಕಂಪ್ಯೂಟರು ಒಬ್ಬೊಬ್ಬರ ಪಾಲಾದವು. ಹುಲಗಪ್ಪ ಸಂಬಳದ ಬದಲು ಪೆಟ್ಟಿಗೆ ಕೇಳಿದ. ಗಂಜ್ ರಸ್ತೆಯಲ್ಲಿ ಆಂಪ್ಲಿಫೈಯರು, ಮೈಕ್‌ಸೆಟ್ಟು ರಿಪೇರಿ ಮಾಡುವ ಸಣ್ಣ ಅಂಗಡಿ ಹಾಕಿದ. ಪೆಟ್ಟಿಗೆಯನ್ನು ಕಪಾಟಿನ ಮೇಲೆ ಟವೆಲು ಹೊದಿಸಿ ಇಟ್ಟ. ಡಿಜೆ ಇಟ್ಟುಕೊಂಡಿರುವ ಯಲ್ಲಾಲಿಂಗ ಬಂದಾಗೆಲ್ಲ ಅದನ್ನು ನೋಡಿ ಕೆಣಕುತ್ತಾನೆ.

"ಹುಲಗಪ್ಪಣ್ಣ, ಇಂಥಾ ಡಬ್ಬಿ ನೂರು ನನ್ನ ಮೊಬೈಲ್‌ನಾಗ ಅದಾವ. ಇದನ್ನ ಮ್ಯೂಜಿಯಮ್ಮಿಗೆ ಕೊಡು, ನಿನ್ನೂ ಜತಿಗೆ ಇಟ್ಕೋತಾರ."

"ನಿನ್ನ ಮೊಬೈಲ್‌ನಾಗ ಊಟದ ಫೋಟೋನೂ ಅದಾವಲ್ಲಲೇ. ಹಸಿವ್ಯಾದಾಗ ಅದನ್ನ ನೆಕ್ಕು" ಎಂದು ಇವನು ಗದರಿ, ಅವನ ಸ್ಪೀಕರಿನ ರಿಪೇರಿಯನ್ನು ಬೇಕಂತಲೇ ಒಂದು ದಿನ ತಡ ಮಾಡುತ್ತಾನೆ.

ಹೀಗಿರುವಾಗ ಹೋದ ವರ್ಷ ಶ್ರಾವಣದ ಸುಮಾರಿಗೆ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಆದೆಮ್ಮನ ಮೊಮ್ಮಗಳು ಅನ್ನಪೂರ್ಣ. ಮಾನ್ವಿಯಲ್ಲಿ ನರ್ಸು. ಅಜ್ಜಿ ಈಗ ಅವಳ ಜೊತೆಗೇ ಇರುತ್ತಾಳೆ. ಹೊಲಗಳಲ್ಲಿ ಕಸಕ್ಕೆ ಔಷಧ ಹೊಡೆಯುವುದು ಬಂದ ಮೇಲೆ ಗುಂಪುಗಳು ಒಡೆದವು, ಪದ ಹಾಡುವವರಿಲ್ಲ, ಅಜ್ಜಿಗೆ ಬರುವಷ್ಟು ಪದ ಈಗ ಆ ಸೀಮೆಯಲ್ಲಿ ಯಾರಿಗೂ ಬರುವುದಿಲ್ಲ ಎಂದಳು. ಡಾಕ್ಟರು ಅಜ್ಜಿಯ ಗಂಟಲಿನಲ್ಲಿ ಸಣ್ಣ ಗಂಟು ನೋಡಿದ್ದಾರೆ, ಜೀವಕ್ಕೆ ಏನೂ ಅಲ್ಲ, ಆದರೆ ದೀಪಾವಳಿ ಆದ ಮೇಲೆ ತೆಗೆಸಬೇಕು. ತೆಗೆಸಿದ ಮೇಲೆ ದನಿ ಹೀಗೇ ಇರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.

"ಅದ್ಕ ಈಗೇ ಹಾಡ್ತೀನಿ ಅಂತಾಳ್ರಿ ಕಾಕಾ. ನಾ ಫೋನ್‌ನಾಗ ಮಾಡ್ಕೋತೀನಿ ಅಂದೆ. ಒಂದು ಸಾಲು ಹಾಡಿ ಸುಮ್ಮನ ಕುಂತಳು. ಹುಲಗಪ್ಪನ ಡಬ್ಬಿ ತರಸು, ಅದರಾಗ ಗೋಪಿ ಅದಾಳ ಅಂತಾಳ."

ಹುಲಗಪ್ಪ ಮುಖ ಆಚೆ ಮಾಡಿ ಸೋಲ್ಡರಿಂಗ್ ಕಡ್ಡಿ ಒರೆಸಿದ. ಬರುತ್ತೇನೆ ಎಂದ. ಚಹಾ ತರಿಸಿದ. ಹುಡುಗಿ ಹೋದ ಮೇಲೆ ಟವೆಲು ತೆಗೆದು ಪೆಟ್ಟಿಗೆಗೆ ಕರೆಂಟು ಕೊಟ್ಟ. ಹಸಿರು ಅಕ್ಷರ ಮೂಡಿತು, ಮೂವತ್ತಾರು ಇತ್ತು. ಆದರೆ ಮೊದಲಿಗೆ ಬ್ಯಾಟರಿ ಸೋತಿದೆ ಅನ್ನುವ ಸಂಜ್ಞೆ ಮಿನುಗಿತು. ಒಳಗೆ ರೂಪಾಯಿ ಬಿಲ್ಲೆಯಂಥ ಒಂದು ಬ್ಯಾಟರಿ ಇರುತ್ತದೆ. ಇಂಥ ಕೆಲಸಕ್ಕೆ ಹೋಗುವಾಗ ಪೆಟ್ಟಿಗೆ ಗಟ್ಟಿಯಿರಬೇಕು ಎಂದು ಅವನು ಹೊಸ ಬಿಲ್ಲೆ ತಂದ.

ಮೈಕ್‌ಸೆಟ್ಟಿನವರಿಗೆ ಒಂದು ನೇಮ ಇದೆ. ಹುಲಗಪ್ಪ ಚಿಕ್ಕಂದಿನಲ್ಲಿ ದೇವದುರ್ಗದಲ್ಲಿ ಮೈಕ್‌ಸೆಟ್ಟಿನ ಕೆಲಸಕ್ಕಿದ್ದಾಗ, ತೊಯ್ದ ಟ್ರಾಲಿಯ ಮೇಲೆ ಆಂಪ್ಲಿಫೈಯರು ಬಿಚ್ಚಲು ಹೋದವನೊಬ್ಬ ಅಲ್ಲೇ ಕರೆಂಟಿಗೆ ಅಂಟಿ ಸತ್ತದ್ದನ್ನು ಕಂಡವನು. ಜೀವ ಇದ್ದ ಪೆಟ್ಟಿಗೆಗೆ ಕೈ ಹಾಕಬೇಡ ಎಂಬುದು ಅವರ ಮೊದಲ ಪಾಠ. ಬಿಚ್ಚುವ ಮೊದಲು ಪಿನ್ನು ಕೀಳಬೇಕು, ಸೆಲ್ಲು ತೆಗೆಯಬೇಕು, ಒಳಗೆ ಉಳಿದ ಕರೆಂಟನ್ನು ವೈರು ತಾಗಿಸಿ ಭೂಮಿಗೆ ಬಿಡಬೇಕು. ಕೈ ತಾನಾಗೇ ಮಾಡುವ ಕೆಲಸ ಅದು, ಮನಸ್ಸು ಎಲ್ಲಿದ್ದರೂ ನಡೆಯುತ್ತದೆ. ಹುಲಗಪ್ಪನ ಮನಸ್ಸು ಆಗಲೇ ಮಾನ್ವಿಯಲ್ಲಿತ್ತು. ಅವನು ಪಿನ್ನು ಕಿತ್ತ, ಹಳೇ ಬಿಲ್ಲೆ ಬಿಡಿಸಿದ, ವೈರು ತಾಗಿಸಿದ, ಹೊಸದನ್ನು ಕೂಡಿಸಿ ಮುಚ್ಚಿದ.

ಕರೆಂಟು ಕೊಟ್ಟರೆ ಮೊದಲ ಮೂವತ್ತು ಹಾಗೇ ಇದ್ದವು. ಮುಂದಿನ ಮನೆಗಳೆಲ್ಲ ಖಾಲಿ. ಪೆಟ್ಟಿಗೆಯ ನೆನಪು ಹಿಡಿದಿದ್ದು ಆ ಬಿಲ್ಲೆಯ ಜೀವದ ಮೇಲೆ. ಇವನು ನೇಮ ಪಾಲಿಸಿ ಅದನ್ನು ಸಾಯಿಸಿದ್ದ. ರೇಡಿಯೋ ಟಿವಿ ರಿಪೇರಿ ಕಲಿತ ಯಾವನೇ ಆದರೂ ಪಕ್ಕಕ್ಕೆ ಇನ್ನೊಂದು ಬ್ಯಾಟರಿ ಕಟ್ಟಿಕೊಂಡು ಹಳೇದನ್ನು ತೆಗೆಯುತ್ತಿದ್ದ. ಮೈಕ್‌ಸೆಟ್ಟಿನವರಿಗೆ ಆ ಬುದ್ಧಿ ಹೊಳೆಯುವುದಿಲ್ಲ.

ಅವತ್ತು ಅಂಗಡಿಗೆ ಬಂದ ಗಿರಾಕಿಗಳೆಲ್ಲ ಬೈಸಿಕೊಂಡು ಹೋದರು. ಹುಲಗಪ್ಪ ಬಾಗಿಲು ಅರ್ಧ ಎಳೆದುಕೊಂಡು ತಾನೇ ಮೈಕಿನಲ್ಲಿ ಆ ಊ ಅನ್ನುತ್ತಾ ಗುಂಡಿ ಒತ್ತಿದ. ಎಷ್ಟು ತಡೆದು ಬರುತ್ತಿತ್ತು, ಎಷ್ಟು ಮಬ್ಬಿತ್ತು? ಆ ಸದ್ದು ಕಿವಿಯಲ್ಲಿ ಇದೆ ಅನ್ನಿಸುತ್ತದೆ, ಕೈಗೆ ಬರುವುದಿಲ್ಲ. ಮರೆತ ಹೆಸರು ನಾಲಗೆಯ ತುದಿಗೆ ಬಂದು ನಿಂತಂತೆ. ಯಲ್ಲಾಲಿಂಗನನ್ನು ತಾನಾಗಿ ಕರೆದು ಅವನ ಲ್ಯಾಪ್‌ಟಾಪಿನಲ್ಲೂ ಹುಡುಕಿಸಿದ. ಅವನು ಪಾಪ, ಅವತ್ತು ಕೆಣಕಲಿಲ್ಲ. ಗುಹೆ, ಚರ್ಚು, ಸ್ಟೇಡಿಯಮ್ಮು ಎಲ್ಲ ಕೇಳಿಸಿದ. ಹತ್ತಿ ಹೊಲ ಮಾತ್ರ ಅದರಲ್ಲಿರಲಿಲ್ಲ.

ಹೀಗೇ ನಾಲ್ಕಾರು ವಾರ ಕಳೆದು, ಕೊನೆಗೆ ಹೆಚ್ಚು ಕಡಿಮೆ ಸರಿ ಅನ್ನಿಸಿದ್ದನ್ನು ಮೂವತ್ತಾರಕ್ಕೇ ಕೂಡಿಸಿ, ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ಮೈಕು, ಟೇಪು ಜೊತೆಗಿಟ್ಟುಕೊಂಡು ಮಾನ್ವಿಯ ಬಸ್ಸು ಹತ್ತಿದ. ಮುದುಕಿಗೆ ಹದಿನೇಳು ವರ್ಷದ ಮೇಲೆ ಏನು ನೆನಪಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಅನ್ನಪೂರ್ಣಳ ಮನೆ ಒಂದು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡಿತ್ತು. ಗಿರಣಿ ಸುಗ್ರಾ ಬೇಗಂ ಎಂಬಾಕೆಯದು. ಗಂಡ ಹೋದ ಮೇಲೆ ತಾನೇ ನಡೆಸುತ್ತಿದ್ದಾಳೆ. ಗಿರಣಿಯ ಸದ್ದು ಗೋಡೆಯಲ್ಲೇ ನಡುಗುತ್ತಿತ್ತು. ಮಧ್ಯಾಹ್ನ ಅದು ನಿಂತಾಗ ಹುಲಗಪ್ಪ ಆದೆಮ್ಮನ ತಲೆಗೆ ಹೆಡ್‌ಫೋನು ಇಟ್ಟ. ಅವಳ ಕೂದಲು ಹತ್ತಿಯಾಗಿತ್ತು. ದನಿ ಮಾತ್ರ ಆಗಿನದೇ, ಕೆಳಗೆ ಒಂದು ಸಣ್ಣ ಗೊರ ಗೊರ ಸೇರಿತ್ತು, ಅಷ್ಟೆ.

"ಕಸವ ಕೀಳೋ ಕೈಗೆ ಬಳಿಯಿಲ್ಲಂತ ನಗಬ್ಯಾಡ..."

ಹಾಡಿ, ಕಾದಳು, ಕೇಳಿಸಿಕೊಂಡಳು. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು.

"ಇದು ಯಾರು ತಮ್ಮಾ?"

"ಅದೇ ಯವ್ವಾ. ಮೂವತ್ತಾರು. ಅವತ್ತಿಂದೇ."

"ಬಾವಿಯಾಗ ಬಿದ್ದೋರು ಒದರಿದಂಗ ಅದ. ಗೋಪಿ ಬಾವಿಗೆ ಬಿದ್ದು ಸತ್ತಿಲ್ಲ." ಅವನ ಮುಖ ನೋಡಿದಳು. "ನೀ ಸುಳ್ಳು ಹೇಳಾಕತ್ತೀ."

ಹುಲಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬ್ಯಾಟರಿಗೆ ಬೈದ, ಜಪಾನಿನವರಿಗೆ ಬೈದ, ಗಿರಣಿಯ ಸದ್ದಿಗೆ ಬೈದ, ಈ ಮುದುಕರಿಗೆ ಎಷ್ಟು ಮಾಡಿದರೂ ಅಷ್ಟೆ ಎಂದ. ವೈರು ಸುತ್ತತೊಡಗಿದ. ಅನ್ನಪೂರ್ಣ ಬಾಗಿಲಲ್ಲಿ ನಿಂತು ಸೆರಗು ತಿರುವುತ್ತಿದ್ದಳು. ಆದೆಮ್ಮ ಅವನ ಸಿಟ್ಟು ಇಳಿಯುವ ತನಕ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಇಳಿದ ಮೇಲೆ ಬಾಯಿ ಖಾಲಿ ಮಾಡಿ ಬಂದು ಕೇಳಿದಳು.

"ಗೋಪಿ ಎಲ್ಲಿ ಕುಂದರತಿದ್ಲು ಅಂತ ನೀ ಯಾವಾಗರ ಕೇಳೀಯೇನು?"

ಅವನು ಕೇಳಿರಲಿಲ್ಲ. ಅವತ್ತು ಸ್ಟುಡಿಯೋದಲ್ಲಿ ಅದು ಸರಿಯಾಗಿ ಬಂದದ್ದು ಕುರುಡ ಎಸೆದ ಕಲ್ಲು ಮಾವಿನಕಾಯಿಗೆ ತಾಗಿದಂತೆ. ಅದನ್ನೇ ತನ್ನ ವಿದ್ಯೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದ. ಈಗ ಅದು ತಿಳಿದು ಕಪಾಳಕ್ಕೆ ಬಿದ್ದಂತಾಯಿತು. ಬ್ಯಾಟರಿ ತೆಗೆದದ್ದು, ಮನೆಗಳು ಖಾಲಿಯಾದದ್ದು, ಎಲ್ಲ ಒಂದೊಂದಾಗಿ ಹೇಳಿಬಿಟ್ಟ. ಮುದುಕಿ ನಕ್ಕಳು. ಹೋಗಲಿ ಬಿಡು, ಅಕಿ ಹೊಲದಾಗ ಇದ್ದಾಳ, ಕರಕೊಂಡು ಬರೋಣು ಎಂದಳು.

ಮರುದಿನ ಮೂವರೂ ದೇವದುರ್ಗದ ಬಸ್ಸಿಗೆ ಹೋದರು. ಊರ ಹೊರಗೆ ಆದೆಮ್ಮ ಕೂಲಿಗೆ ಹೋಗುತ್ತಿದ್ದ ಹೊಲಗಳಲ್ಲಿ ಹತ್ತಿ ಮೊಣಕಾಲಿಗೆ ಬಂದಿತ್ತು. ಔಷಧ ಹೊಡೆದ ಸಾಲುಗಳಲ್ಲಿ ಒಂದು ಕಡ್ಡಿ ಕಸ ಇರಲಿಲ್ಲ. ಬದುವಿನ ಅಂಚಿನಲ್ಲಿ ಮಾತ್ರ ಪಂಪು ಮುಟ್ಟದ ನಾಲ್ಕು ಸಾಲು ಉಳಿದಿದ್ದವು. ಆದೆಮ್ಮ ಸೀರೆ ಎತ್ತಿ ಕಟ್ಟಿ ಒಂದು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಳು, ಹುಲಗಪ್ಪನ ಕೈಗೆ ಕಸ ತೆಗೆಯುವ ಒಂದು ಕುರ್ಪಿ ಕೊಟ್ಟು ಪಕ್ಕದ ಸಾಲಿನಲ್ಲಿ, ತನಗಿಂತ ಒಂದು ಹೆಜ್ಜೆ ಹಿಂದೆ, ಕೂಡು ಎಂದಳು.

"ತೆಲಿ ಎತ್ತಬ್ಯಾಡ. ಮಣ್ಣು ನೋಡ್ಕೋತ ಕಸ ತಗಿ. ನಾ ಎತ್ತಿದ್ದು ನೀ ಹಿಡಿ."

ಐವತ್ತು ದಾಟಿದ ಗಂಡಸು, ಹೊಟ್ಟೆ ಬಂದಿದೆ, ಕುಕ್ಕರಗಾಲಲ್ಲಿ ಕೂತು ಹೆಂಗಸರ ಪದಕ್ಕೆ ಸೊಲ್ಲು ಹಿಡಿಯಬೇಕು. ಆದೆಮ್ಮ ಸಾಲು ಎತ್ತಿದಳು. ಮುಗಿದದ್ದೇ ತಡ ಹುಲಗಪ್ಪ ಹಿಡಿದ. ಹೆಗಲಿಗೆ ಒಂದು ಮಣ್ಣಹೆಂಟೆ ಬಂದು ಬಿತ್ತು.

"ಎಷ್ಟು ಅವಸರ ನಿಂದು? ಕುರ್ಪಿ ಊರಿದ ಮ್ಯಾಲ ಹಿಡೀಬೇಕು."

ಮತ್ತೆ ಎತ್ತಿದಳು. ಈ ಸಲ ತಡ ಮಾಡಿದ, ಇನ್ನೊಂದು ಹೆಂಟೆ ಬಿತ್ತು. ಬದುವಿನ ಮೇಲೆ ಕೂತ ಅನ್ನಪೂರ್ಣ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಹುಲಗಪ್ಪನ ಕಿವಿ ಕೆಂಪಾದವು, ಆದರೆ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನ ಕೈಗೆ ತಿಳಿಯಿತು. ಸಾಲು ಮುಗಿಯುವ ಹೊತ್ತಿಗೆ ಎತ್ತುವಾಕೆ ಕಸ ಕಿತ್ತು ಆಚೆ ಎಸೆಯುತ್ತಾಳೆ. ಹಿಡಿಯುವಾಕೆಯ ಕುರ್ಪಿ ಆಗಷ್ಟೇ ಎದ್ದು ಮಣ್ಣಿಗೆ ಇಳಿಯುತ್ತದೆ. ಇಳಿದು ಕಚ್ಚಿದಾಗ ಉಸಿರು ತಾನಾಗಿ ಹೊರಗೆ ಬರುತ್ತದೆ. ಆ ಉಸಿರಿನ ಮೇಲೆ ಸೊಲ್ಲು. ಮುಖ ನೆಲಕ್ಕೆ ಇರುವುದರಿಂದ ದನಿ ಮೊದಲು ಮಣ್ಣಿಗೆ ಬಡಿದು, ಹೊಳಪು ಕಳಕೊಂಡು, ಎದ್ದು ಬರುತ್ತದೆ. ಇವನು ಇಷ್ಟು ದಿನ ಗುಡಿ ಗುಮ್ಮಟದ ಲೆಕ್ಕದಲ್ಲಿ ಹುಡುಕಿದ್ದ. ಗೋಪಮ್ಮನ ದನಿಗೆ ಗೋಡೆಯೂ ಇರಲಿಲ್ಲ, ಚಾವಣಿಯೂ ಇರಲಿಲ್ಲ.

ಹೆಂಟೆ ಬೀಳುವುದು ನಿಂತಿತು. ನಾಲ್ಕು ಸಾಲಿನ ಕಸವೂ ಮುಗಿಯಿತು. ಹೊಲದವರಿಗೆ ಪುಕ್ಕಟೆ ಕೂಲಿ.

ಮಾನ್ವಿಗೆ ಬರುವಾಗ ಹುಲಗಪ್ಪ ಒಂದು ಬುಟ್ಟಿ ಕರೀ ಮಣ್ಣು ಹೊತ್ತುಕೊಂಡು ಬಂದ. ಕಂಡಕ್ಟರು ಲಗೇಜು ಕೇಳಿದ್ದಕ್ಕೆ ಜಗಳವೂ ಆಯಿತು. ಮನೆಯಲ್ಲಿ ಬುಟ್ಟಿಯನ್ನು ಆದೆಮ್ಮನ ಮುಂದಿಟ್ಟು, ಕೈಗೆ ಕುರ್ಪಿ ಕೊಟ್ಟು, ಸಾಲು ಮುಗಿದ ಮೇಲೆ ಮಣ್ಣಿಗೆ ಊರು ಎಂದ. ಅವಳು ಹಾಡಿ ಊರಿದಳು. ಅವನು ಕುರ್ಪಿ ಮಣ್ಣು ಕಚ್ಚುವ ಗಳಿಗೆಗೆ ದನಿ ವಾಪಸು ಬರುವ ತನಕ ಗುಂಡಿ ಒತ್ತಿದ. ಆಮೇಲೆ ಮೇಲಿನ ಹೊಳಪನ್ನು ಕೆಳಗೆ, ಇನ್ನೂ ಕೆಳಗೆ ಇಳಿಸಿದ. ಗುಮ್ಮಟವನ್ನು ಪೂರಾ ತೆಗೆದು ಹಾಕಿದ. ಒಂದೇ ಸಲ ಬರಲಿ, ಎರಡನೇ ಸಲ ಬೇಡ ಅಂತ ಮಾಡಿದ.

ಆದೆಮ್ಮ ಮತ್ತೊಮ್ಮೆ ಹಾಡಿದಳು. ಕುರ್ಪಿ ಊರಲಿಲ್ಲ, ಕೈ ಅರ್ಧಕ್ಕೆ ನಿಂತಿತು. ಕಣ್ಣು ಮುಚ್ಚಿಕೊಂಡಳು.

"ಬಂದ್ಲು" ಎಂದಳು.

ಹುಲಗಪ್ಪ ಅದನ್ನು ಮೂವತ್ತಾರನೇ ಮನೆಯಲ್ಲಿ ಕೂಡಿಸಿದ. ಅನ್ನಪೂರ್ಣ ಕೇಳದೇ ಹಸಿರು ಕಿಟಕಿಯ ಫೋಟೋ ಹೊಡೆದುಕೊಂಡಳು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದ, ಅವತ್ತು ಎಲ್ಲ ಅಂಕಿ ಸರಿಯಾಗಿ ಬಂದಿವೆಯೋ ಇಲ್ಲವೋ ನೋಡು ಎಂದ.

ಇನ್ನು ಉಳಿದದ್ದು ಗಿರಣಿ. ಅದು ಓಡುತ್ತಿದ್ದರೆ ರೆಕಾರ್ಡು ಮಾಡುವಂತಿಲ್ಲ. ದಸರೆ ಮುಂದಿತ್ತು, ಗಿರಣಿಯ ಮುಂದೆ ಡಬ್ಬಿಗಳ ಸಾಲು. ಹುಲಗಪ್ಪ ಜಗಳಕ್ಕೆ ಸಿದ್ಧನಾಗಿಯೇ ಹೋಗಿ ಸುಗ್ರಾ ಬೇಗಮ್ಮಳಿಗೆ ವಿಷಯ ಹೇಳಿದ. ಆಕೆ ಹಿಟ್ಟು ಮೆತ್ತಿದ ಹುಬ್ಬು ಏರಿಸಿ ಪೂರಾ ಕೇಳಿ, ಸ್ವಿಚ್ಚು ಕೆಳಗೆ ಎಳೆದಳು. ನಾಳೆಯೂ ಇಲ್ಲ, ನಾಳಿದ್ದೂ ಇಲ್ಲ, ಹಬ್ಬದ ಹಿಂದಿನ ದಿನ ಬನ್ನಿ ಎಂದು ಗಿರಾಕಿಗಳನ್ನು ಕಳಿಸಿದಳು. ಜಗಳಕ್ಕೆಂದು ಬಾಯಿ ತೆರೆದಿದ್ದ ಹುಲಗಪ್ಪನಿಗೆ ಅದನ್ನು ಮುಚ್ಚುವುದು ಹೇಗೆಂದು ತಿಳಿಯಲಿಲ್ಲ.

ಬೆಳಿಗ್ಗೆ ಆದೆಮ್ಮ ಸ್ನಾನ ಮಾಡಿ ಬಂದು ಕೂತಳು. ಬುಟ್ಟಿಯ ಮಣ್ಣು ಮುಂದೆಯೇ ಇರಲಿ ಎಂದಳು. ಹಾಡಿದಳು. ಸಾಲು ಎತ್ತುತ್ತಾಳೆ, ಕಾಯುತ್ತಾಳೆ, ಕಿವಿಯಲ್ಲಿ ಗೋಪಮ್ಮ ಹಿಡಿಯುತ್ತಾಳೆ, ಮುಂದಿನ ಸಾಲು ಎತ್ತುತ್ತಾಳೆ. ಬಿತ್ತನೆಯ ಪದ ಬಂತು, ಅತ್ತೆಯನ್ನು ಅಣಕಿಸುವ ಪದ ಬಂತು, ಮೇಸ್ತ್ರಿ ಎದುರಿಗಿಲ್ಲದಾಗ ಮಾತ್ರ ಹಾಡುವ ಪದ ಬಂತು. ಅದನ್ನು ಕೇಳಿ ಅನ್ನಪೂರ್ಣಳ ಮುಖ ಕೆಂಪಾಯಿತು. ಹುಲಗಪ್ಪನ ಹೆಡ್‌ಫೋನಿನಲ್ಲಿ ಎರಡು ದನಿ ಇದ್ದವು. ಟೇಪಿಗೆ ಆದೆಮ್ಮನ ದನಿ ಒಂದೇ ಹೋಗುತ್ತಿತ್ತು. ಗೋಪಮ್ಮನನ್ನು ಆಮೇಲೆ ಸೇರಿಸಿದರಾಯಿತು ಅಂತ ಅವನ ಲೆಕ್ಕ. ಈ ಸಲ ತನ್ನ ಗೂಂಜನ್ನು ಊರಿಗೆಲ್ಲ ಕೇಳಿಸಬೇಕು.

ಒಂದು ಪದದ ನಡುವೆ, ಆದೆಮ್ಮ ಸಾಲು ಮುಗಿಸಿ ನಿಂತ ಗಳಿಗೆಯಲ್ಲಿ, ಗೋಡೆಯ ಆಚೆಯಿಂದ ಒಂದು ದನಿ ಸೊಲ್ಲು ಹಿಡಿಯಿತು. ಮಾತು ಸರಿಯಾಗಿಲ್ಲ, ಗುನುಗು ಮಾತ್ರ ಸರಿಯಾದ ಜಾಗಕ್ಕೆ ಬಿತ್ತು. ಗಿರಣಿಯಲ್ಲಿ ಕೆಲಸವಿಲ್ಲದೆ ಕೂತ ಸುಗ್ರಾ ಬೇಗಮ್ಮಳದು.

ಹುಲಗಪ್ಪ ಹೆಡ್‌ಫೋನು ಕಿತ್ತು ಎದ್ದ. ಟೇಪು ಹಾಳಾಯಿತಲ್ಲ ಎಂದು ಗೋಡೆಗೆ ಬಡಿಯಲು ಹೋದವನ ಧೋತರದ ಅಂಚನ್ನು ಆದೆಮ್ಮ ಹಿಡಿದಳು.

"ಕೂಡು. ಬೈಬ್ಯಾಡ ಅಕಿಗೆ. ಜಾಗ ಬಿಟ್ರ ಯಾರರ ಬಂದು ಹಿಡೀತಾರ ನೋಡು. ಇದನ್ನ ಹಿಂಗೇ ಬಿಡು ತಮ್ಮಾ. ಗೋಪಿ ನನ್ನ ಕಿವ್ಯಾಗ ಇರ್ಲಿ. ಟೇಪಿನಾಗ ಅಕಿನ್ನ ತುಂಬಬ್ಯಾಡ. ಕೇಳೋರು ಹಿಡೀಲಿ."

ಹುಲಗಪ್ಪನಿಗೆ ಇದು ಬಲು ಕಷ್ಟವಾಯಿತು. ಹೆಂಟೆ ತಿಂದು, ಮಣ್ಣು ಹೊತ್ತು, ಬಸ್ಸಿನಲ್ಲಿ ಜಗಳಾಡಿ ಹೊಂದಿಸಿದ ಗೂಂಜು ಮತ್ತೆ ಇಬ್ಬರ ಕಿವಿಯಲ್ಲೇ ಉಳಿಯುವುದು. ಹಾಗಾದರೆ ನಾನು ಮಾಡಿದ್ದು ಯಾರಿಗೂ ಕೇಳುವುದಿಲ್ಲವಲ್ಲ ಎಂದು ಮಧ್ಯಾಹ್ನ ಊಟಕ್ಕೂ ಮುಖ ಊದಿಸಿಕೊಂಡು ಕೂತ. ಆದೆಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಪುಂಡಿಪಲ್ಲೆ ಬಡಿಸಿದಳು, ಅಷ್ಟೆ, ಮಾತು ಹಿಂದೆ ತಗೊಳ್ಳಲಿಲ್ಲ. ತಿಂದು ಕೈ ತೊಳೆಯುವಾಗ ಅವನು, ಆಯಿತು, ಹಂಗೇ ಬಿಡತೀನಿ ಎಂದ.

ಎರಡು ದಿನದಲ್ಲಿ ಅವಳಿಗೆ ಬರುವ ಪದಗಳೆಲ್ಲ ಮುಗಿದವು. ಅನ್ನಪೂರ್ಣ ಅವನ್ನು ಒಂದೊಂದಾಗಿ ಫೋನಿಗೆ ಇಳಿಸಿಕೊಂಡು ಊರೂರಿಗೆ ಕಳಿಸಿದಳು. ಬರೀ ದನಿ, ಪ್ರತಿ ಸಾಲಿನ ಕೊನೆಗೆ ಒಂದು ಉಸಿರಿನಷ್ಟು ಖಾಲಿ ಜಾಗ. ದೀಪಾವಳಿಯ ಹೊತ್ತಿಗೆ ವಾಪಸು ಬರಹತ್ತಿದವು. ದೇವದುರ್ಗದ ಓಣಿಗಳಿಂದ, ಕೂಲಿಯ ಗಾಡಿಗಳಿಂದ, ಒಂದು ಹಾಸ್ಟೆಲ್ಲಿನ ಹುಡುಗಿಯರಿಂದ. ಎಲ್ಲರೂ ಹಾಡಿನ ಆ ಖಾಲಿ ಜಾಗದಲ್ಲಿ ಸೊಲ್ಲು ಹಿಡಿದು ಕಳಿಸಿದ್ದರು. ಕೆಲವರು ತಪ್ಪು ಹಿಡಿದಿದ್ದರು. ಆದೆಮ್ಮ ಹಾಸಿಗೆಯ ಮೇಲೆ ಕೂತು ಕೇಳಿ, ಇಕಿಗೆ ಅವಸರ ಭಾಳ, ಇಕಿ ಕೈಯಾಗ ಕುರ್ಪಿ ಕೊಡಬೇಕು ಎಂದು ಒಬ್ಬೊಬ್ಬಳನ್ನೂ ತಿದ್ದಿದಳು. ಗಂಟಲಿನ ಗಂಟು ತೆಗೆದ ಮೇಲೆ ದನಿ ಸ್ವಲ್ಪ ಕೆಳಗಿಳಿಯಿತು, ಹೋಗಲಿಲ್ಲ. ಎತ್ತಲು ಆಗುವುದಿಲ್ಲ, ಹಿಡಿಯಲು ಆಗುತ್ತದೆ ಎನ್ನುತ್ತಾಳೆ. ಈಗ ರವಿವಾರ ನಾಲ್ಕಾರು ಹೆಂಗಸರು ಬಂದು ಅವಳ ಅಂಗಳದಲ್ಲಿ ಕೂತು ಎತ್ತುತ್ತಾರೆ.

ರೆಕಾರ್ಡಿಂಗು ಮುಗಿದ ಸಂಜೆ ಹುಲಗಪ್ಪ ಗಿರಣಿಗೆ ಹೋಗಿದ್ದ. ಎರಡು ದಿನದ ಬೀಸುವ ದುಡಿಮೆ ಹೋಯಿತಲ್ಲ, ಏನು ಕೊಡಲಿ ಆಪಾ ಎಂದು ಕೇಳಿದ. ಸುಗ್ರಾ ಬೇಗಂ ಹಣದ ಮಾತಿಗೆ ಕೈ ಬೀಸಿದಳು. ಆಮೇಲೆ ನಾಚಿಕೊಂಡು ಇನ್ನೊಂದು ಮಾತು ಹೇಳಿದಳು.

"ನಮ್ಮ ಅಮ್ಮೀ ಚಕ್ಕಿ ಮುಂದ ಕುಂತು ಹಾಡ್ತಿದ್ಲು ಭಾಯಿ. ಎರಡು ಮೂರು ನಂಗ ಬರ್ತಾವ. ಕರೆಂಟಿನ ಗಿರಣಿ ಬಂದ ಮ್ಯಾಲ ಯಾರ ಮುಂದ ಹಾಡ್ಲಿ? ನಂಗೂ ಒಮ್ಮಿ ಆ ಕಿವೀ ಟೋಪಿ ಹಾಕಿ ಕೂಡಿಸು. ಬೀಸೋ ಕಲ್ಲಿನ ಗೂಂಜ್ ಮಾಡಿ ಕೊಡು. ಅಷ್ಟ ಸಾಕು."

ಹಬ್ಬ ಮುಗಿಯಲಿ, ಬರುತ್ತೇನೆ ಎಂದು ಹುಲಗಪ್ಪ ಮಾತು ಕೊಟ್ಟ. ಹಬ್ಬ ಮುಗಿದರೆ ಮದುವೆಗಳ ಹಂಗಾಮು, ಅಂಗಡಿ ತುಂಬ ಆಂಪ್ಲಿಫೈಯರು. ಬೇಸಿಗೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೋದರೆ ಗಿರಣಿಯ ಶಟರಿಗೆ ಬೀಗ. ಮಗಳು ಆದೋನಿಗೆ ಕರೆದುಕೊಂಡು ಹೋಗಿದ್ದಾಳೆ ಎಂದರು. ಫೋನು ಮಾಡಿದ. ಆಕೆ ನಕ್ಕಳು. ಹಲ್ಲೆಲ್ಲ ತೆಗೆಸಿದೀನಿ ಭಾಯಿ, ಈಗ ಹಾಡಿದರೆ ಬರೀ ಗಾಳಿ, ಹೊಸ ಹಲ್ಲು ಕಟ್ಟಿಸಿದ ಮೇಲೆ ನೋಡೋಣ ಎಂದಳು. ಹಲ್ಲು ಕಟ್ಟಿಸಿದ ಮೇಲೆ ಮಾಡಿದರೆ, ಮೊಮ್ಮಗಳ ಬಾಣಂತನ ಮುಗಿಯಲಿ ಎಂದಳು. ಅದಾದ ಮೇಲೆ ಆ ನಂಬರು ಹತ್ತುತ್ತಿಲ್ಲ. ಗಿರಣಿಯನ್ನು ಯಾರೋ ಕೊಂಡು ಈಗ ಅಲ್ಲಿ ಮೊಬೈಲು ರೀಚಾರ್ಜು ಮಾಡುತ್ತಾರೆ.

ಮೂವತ್ತೇಳನೇ ಮನೆ ಖಾಲಿ ಇದೆ. ಮೊನ್ನೆ ಯಲ್ಲಾಲಿಂಗ ತನ್ನದೊಂದು ಗೂಂಜನ್ನು ಅಲ್ಲಿ ಕೂಡಿಸಿಡಲೇ ಎಂದು ಕೈ ಚಾಚಿದ. ಹುಲಗಪ್ಪ ಕೈಯ ಮೇಲೆ ಹೊಡೆದು, ಮೂವತ್ತೆಂಟಕ್ಕೆ ಹೋಗು ಎಂದ.

"ಅದು ಸುಗ್ರಾ ಆಪಾಂದು. ಇನ್ನೂ ಮಾಡಿ ಕೊಟ್ಟಿಲ್ಲ."